ನಿಂತಲ್ಲೇ ಒಂದು ಸುತ್ತು

ನಾದಿನಿಯ ರೇಸ್ ಕಾರು ಅವಳಿಗಿಂತ ಆರು ವರ್ಷ ದೊಡ್ಡದು. ವಾರವೆಲ್ಲ ಊರವರ ಹಲ್ಲು ನೋಡುವ ಡಾಕ್ಟರು ಅವಳು. ಭಾನುವಾರ ಬಂತೆಂದರೆ ಆ ಗಿಡ್ಡ ಹಸಿರು ಕಾರನ್ನು ಹಳೇ ಕಾರುಗಳ ರೇಸಿನಲ್ಲಿ ಓಡಿಸುವುದು ಅವಳ ಹುಚ್ಚು. ಈ ವರ್ಷ ಮಾತ್ರ ಕಾರು ಕೈಕೊಡುತ್ತಿತ್ತು. ಮೂರನೆಯ ತಿರುವಿನಲ್ಲಿ ಎಡಕ್ಕೆ ಹೊರಳುವಾಗ ಎಂಜಿನ್ ಉಸಿರು ಕಟ್ಟಿದಂತೆ ಸುಮ್ಮನಾಗುತ್ತಿತ್ತು; ತಿರುವು ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಗುಡುಗುತ್ತಿತ್ತು. ಅಷ್ಟರಲ್ಲಿ ಹಿಂದಿದ್ದವರೆಲ್ಲ ಮುಂದೆ. ಮೂವರು ಮೆಕ್ಯಾನಿಕ್‌ಗಳು ನೋಡಿ ಕೈಚೆಲ್ಲಿದ್ದರು. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡುವ ಕಾರಿಗೆ ಏನಂತ ಮದ್ದು ಮಾಡುವುದು ಎಂದು ಕೇಳಿದ್ದರು.

ಕೊನೆಗೆ ಅವಳು ಹಿಡಿದದ್ದು ಅಕ್ಕನ ಗಂಡನನ್ನು. ಭಾವ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಕಾರು ಓಡಿಸಲು ಬಾರದು. ನೋಡುತ್ತೇನೆ, ಮಾತು ಮಾತ್ರ ಕೊಡುವುದಿಲ್ಲ ಎಂದು ತಂತಿ ಪರೀಕ್ಷಿಸುವ ಮೀಟರನ್ನು ಕಂಕುಳಲ್ಲಿಟ್ಟುಕೊಂಡು ಬಂದ.

ಮೂರು ಮಧ್ಯಾಹ್ನ ಅವನು ತಂತಿಗಳ ನಡುವೆ ಕಳೆದ. ಬಟ್ಟೆ ಸುತ್ತಿದ ಹಳೇ ತಂತಿಗಳು. ಕೆಂಪು, ಕಂದು, ಹಸಿರು ಎಲ್ಲ ಮಾಸಿ ಒಂದೇ ಮಣ್ಣಿನ ಬಣ್ಣ. ತಂತಿಯ ಒಂದು ತುದಿಗೆ ಮೀಟರಿನ ಒಂದು ಕ್ಲಿಪ್ಪು, ಇನ್ನೊಂದು ತುದಿಗೆ ಇನ್ನೊಂದು ಕ್ಲಿಪ್ಪು. ತಂತಿ ಎಲ್ಲೂ ಕಡಿಯದೆ ಗಟ್ಟಿಯಿದ್ದರೆ ಮೀಟರು ಸಣ್ಣಗೆ ಗುಂಯ್‌ಗುಡುತ್ತಿತ್ತು. ಎಲ್ಲವೂ ಗುಂಯ್‌ಗುಟ್ಟಿದವು. ತಗಡಿನ ಸಂದಿಯಿಂದ ಬಿದ್ದ ಬಿಸಿಲು ಸೀಟಿನಿಂದ ಸೀಟಿಗೆ ಸರಿಯುತ್ತಿತ್ತು. ಆ ನಾದ ಕೇಳುತ್ತ ಕೇಳುತ್ತ ಅವನಿಗೆ ಜೋಂಪು ಹತ್ತುತ್ತಿತ್ತು. ಕಾರು ಕೆರೆಯ ತಳದಲ್ಲಿ ನಿಂತಿದೆ, ಮೇಲೆಲ್ಲೋ ನೀರು ಹೊಳೆಯುತ್ತಿದೆ ಅನ್ನಿಸುತ್ತಿತ್ತು.

ನಾಲ್ಕನೆಯ ದಿನ ನಾದಿನಿ ದವಾಖಾನೆ ಬೇಗ ಮುಚ್ಚಿ ಬಂದಳು.

“ಅದು ನಿಲ್ಲೋಕೆ ಮುಂಚೆ ನೀನೇನು ಮಾಡ್ತೀಯ?” ಎಂದು ಕೇಳಿದ.

“ನಾನೇನೂ ಮಾಡಲ್ಲ ಭಾವ. ತಿರುಗಿಸ್ತೀನಿ, ಅಷ್ಟೆ.”

ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರೂ ಹೀಗೇ ಹೇಳುತ್ತಿದ್ದರು. ಸುಳ್ಳಲ್ಲ, ಕೈ ಮಾಡಿದ್ದು ಅವರಿಗೇ ತಿಳಿದಿರುತ್ತಿರಲಿಲ್ಲ.

“ಹಾಗಾದ್ರೆ ಕೂತ್ಕೊ. ಕಣ್ಣು ಮುಚ್ಚಿ ಒಂದು ಸುತ್ತು ಓಡ್ಸು. ಬಾಯಲ್ಲಿ ಹೇಳ್ತಾ ಹೋಗು.”

ಬ್ಯಾಟರಿ ಕಳಚಿಟ್ಟು, ಸ್ವಿಚ್ಚಿನಿಂದ ಎಂಜಿನ್ನಿಗೆ ಹೋಗುವ ತಂತಿಗೆ ಕ್ಲಿಪ್ಪು ಹಾಕಿ, ಗುಂಯ್‌ಗುಡುವ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಅವನೂ ಪಕ್ಕದಲ್ಲಿ ಕುಳಿತ. ಮೊದಲು ಅವಳಿಗೆ ನಗು ಬಂತು. ಆಮೇಲೆ ಕೈ ಸ್ಟೀರಿಂಗಿಗೆ ಹೊಂದಿಕೊಂಡಿತು, ದನಿ ಇಳಿಯಿತು. ಉದ್ದನೆಯ ನೇರ ದಾರಿ, ಬಲಕ್ಕೆ ಬಿಳಿ ಗೋಡೆ, ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ, ಆಮೇಲೆ ಇಳಿಜಾರು ಎನ್ನುತ್ತ ಹೋದಳು. ಅವನೂ ಕಣ್ಣು ಮುಚ್ಚಿದ. ಜೀವಮಾನವಿಡೀ ನಾಲ್ಕು ಗೋಡೆಯ ನಡುವೆ ಮೇಲೆ ಕೆಳಗೆ ಓಡಾಡಿದವನ ಮುಂದೆ ದಾರಿಯೊಂದು ಬಿಚ್ಚಿಕೊಂಡಿತು. ಗಾಳಿ ಕಿವಿಗೆ ತಾಗಿತು. ಇಳಿಜಾರಿನಲ್ಲಿ ಅವನು ಸೀಟಿನ ಅಂಚು ಹಿಡಿದ.

“ಬ್ರೇಕು... ಎರಡನೇ ಗೇರು... ಮೂರನೇ ತಿರುವು, ಈಗ ಎಡಕ್ಕೆ.”

ಗುಂಯ್‌ಗುಡುವುದು ನಿಂತಿತು.

ಅವನು ಕಣ್ಣು ಬಿಟ್ಟ. ಅವಳ ಮೈ ಬಲಕ್ಕೆ ವಾಲಿತ್ತು. ಬಲ ಮಂಡಿ ಕಾರಿನ ಪಕ್ಕಕ್ಕೆ, ಅಲ್ಲಿ ಇಳಿದಿದ್ದ ತಂತಿಯ ಕಟ್ಟಿಗೆ, ಬಲವಾಗಿ ಒತ್ತಿಕೊಂಡಿತ್ತು.

“ಸಿಕ್ತಾ?” ಅಂದಳು, ಕಣ್ಣು ತೆರೆಯದೆ.

“ಸಿಕ್ತು. ನಿಲ್ಲಿಸ್ಬೇಡ ಮಾರಾಯ್ತಿ, ಸುತ್ತು ಮುಗ್ಸು.”

ಅವನು ಮತ್ತೆ ಕಣ್ಣು ಮುಚ್ಚಿದ. ಮಂಡಿ ಸಡಿಲವಾಯಿತು, ನಾದ ಮರಳಿತು. ಇನ್ನೂ ನಾಲ್ಕು ತಿರುವು, ಒಂದು ಸಣ್ಣ ಸೇತುವೆ, ಮರಗಳ ನೆರಳು.

ಆಮೇಲೆ ತಂತಿಯ ಬಟ್ಟೆ ಸೀಳಿ ತೋರಿಸಿದ. ಹೊರಗೆ ಗೀರೂ ಇಲ್ಲ. ಒಳಗೆ ತಾಮ್ರ ತುಂಡಾಗಿ, ಎರಡು ತುದಿ ಒಂದಕ್ಕೊಂದು ತಾಗಿಕೊಂಡಷ್ಟೇ ಇದ್ದವು. ಒತ್ತಿದರೆ ಅಗಲುತ್ತಿದ್ದವು. ಹೊಸ ತಂತಿ ಎಳೆದು, ಮಂಡಿಗೆ ಸಿಗದಷ್ಟು ಮೇಲೆ ಕಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಇಷ್ಟು ದಿನ ಎಂಜಿನ್ನನ್ನು ನಾನೇ ಆರಿಸುತ್ತಿದ್ದೆನೇ ಎಂದು ಅವಳು ತನ್ನ ಮಂಡಿಯನ್ನು ಯಾರದ್ದೋ ಎಂಬಂತೆ ನೋಡಿದಳು.

ರೇಸಿನ ದಿನ ಅವನು ಹೆಂಡತಿಯೊಂದಿಗೆ ಮೂರನೆಯ ತಿರುವಿನ ಬೇಲಿಯ ಬಳಿ ನಿಂತ. ಹನ್ನೊಂದು ಸಲ ಹಸಿರು ಕಾರು ಬಂತು. ಒಂದು ಸಲವೂ ದನಿ ಮುರಿಯಲಿಲ್ಲ. ನಾದಿನಿ ಹತ್ತೊಂಬತ್ತು ಜನರಲ್ಲಿ ಎಂಟನೆಯವಳಾದಳು. ಇಳಿಜಾರು ಅವಳು ಹೇಳಿದಷ್ಟು ಕಡಿದಾಗಿರಲಿಲ್ಲ, ಬಿಳಿ ಗೋಡೆ ಮಾಸಿತ್ತು. ಹೊರಡೋಣವೇ ಎಂದು ಹೆಂಡತಿ ಕೇಳಿದಳು. ಇನ್ನೂ ಸ್ವಲ್ಪ ಹೊತ್ತು ಇರೋಣ ಎಂದ, ಖಾಲಿ ರಸ್ತೆಯಿಂದ ಕಣ್ಣು ಕೀಳದೆ.