ಈನಕ್ ಗಾರ್ಲಂಡನನ್ನು ಮೇಲೆ ತಂದ ದಿನ

ಹೋಲ್‌ಕೂಮ್ ಸೆರೆಮನೆಯಲ್ಲಿ ನನ್ನ ಎಡಗಾಲಿಗೂ ಈನಕ್ ಗಾರ್ಲಂಡನ ಬಲಗಾಲಿಗೂ ಒಂದೇ ಸರಪಳಿ. ನಾನು ಉಣ್ಣೆ ಬಟ್ಟೆ ನೇಯುವವನು, ಅವನು ಕಮ್ಮಾರ. ಗೋಧಿ ತುಟ್ಟಿಯಾದ ಆ ವರ್ಷ ಗಿರಣಿಯವನು ಹಿಟ್ಟನ್ನೆಲ್ಲ ಬಂದರಿಗೆ ಸಾಗಿಸಲು ಹೊರಟಾಗ ಊರಿಗೆ ಊರೇ ಗಾಡಿ ತಡೆಯಿತು. ಗಾಡಿಯ ಅಚ್ಚು ಮುರಿದವನು ಈನಕ್. ಕುದುರೆ ಬಿಚ್ಚಿ ಓಡಿಸಿದವನು ನಾನು. ಸಿಕ್ಕಿಬಿದ್ದವರೂ ನಾವಿಬ್ಬರೇ.

ನ್ಯಾಯಾಧೀಶರು ನಮ್ಮ ಕಡೆಗೆ ಬರುವುದು ವರ್ಷಕ್ಕೆ ಎರಡೇ ಸಲ. ಅಲ್ಲಿಯ ತನಕ ಜೈಲರ್ ರಡ್ಜ್ ಹೇಳಿದ್ದೇ ನ್ಯಾಯ. ಅವನು ಮೊದಲು ಕಸಾಯಿಯಾಗಿದ್ದವನು. ಕೈದಿಗಳನ್ನು ನೋಡುವಾಗಲೂ ಎಲ್ಲಿ ಕತ್ತರಿಸಲಿ ಎಂದು ಲೆಕ್ಕ ಹಾಕುವಂತೆ ಮೈಮೇಲೆ ಕಣ್ಣಾಡಿಸುತ್ತಿದ್ದ.

ಈನಕ್‌ನ ಹೆಂಡತಿ ಡೋರ್ಕಸ್ ದಿನವೂ ನಾಲ್ಕು ಮೈಲಿ ನಡೆದು ಬಾರ್ಲಿ ರೊಟ್ಟಿ ತಂದು ಬಾಗಿಲಲ್ಲಿ ಕೊಡುತ್ತಿದ್ದಳು. ಅದು ನಮ್ಮ ಕೈಗೆ ಬರುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ರಡ್ಜ್ ನಮ್ಮೆದುರೇ ನಿಂತು ಆ ರೊಟ್ಟಿಯನ್ನು ಬಿಯರಿಗೆ ಅದ್ದಿ ತಿನ್ನತೊಡಗಿದ.

"ಉಪ್ಪು ಕಮ್ಮಿ ಕಣೋ ಕಮ್ಮಾರ. ಹೆಂಡ್ತಿಗೆ ಒಂದ್ ಮಾತು ಹೇಳು" ಅಂದ.

"ನಾಯಿ ಬಾಯಿಗೆ ಉಪ್ಪು ಯಾಕೋ?" ಅಂದ ಈನಕ್.

ರಡ್ಜ್ ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟ. ಬೀಗದ ಕೈ ಗೊಂಚಲಿನಿಂದ ಈನಕ್‌ನ ಮುಖಕ್ಕೆ ಬೀಸಿದ. ಹುಬ್ಬು ಸೀಳಿ ರಕ್ತ ನನ್ನ ಅಂಗಿಗೆ ಚಿಮ್ಮಿತು. ಬಿದ್ದವನ ಬೆನ್ನ ಮೇಲೆ ಮೊಳೆ ಹೊಡೆದ ಬೂಟಿನಿಂದ ತುಳಿದ. ಆಮೇಲೆ ನಮ್ಮಿಬ್ಬರನ್ನೂ ನೆಲದಡಿಯ ಗುಂಡಿಗೆ ಇಳಿಸಿ ಏಣಿ ಎಳೆದುಕೊಂಡ.

ಗುಂಡಿಯಲ್ಲಿ ಮೊಣಕಾಲುದ್ದ ಕೊಳೆತ ಹುಲ್ಲು, ಅದರ ಕೆಳಗೆ ಚರಂಡಿಯ ನೀರು. ದಿನಕ್ಕೊಂದು ತಂಬಿಗೆ ಕುಡಿಯುವ ನೀರು ಹಗ್ಗದಲ್ಲಿ ಇಳಿಯುತ್ತಿತ್ತು. ಐದನೇ ದಿನಕ್ಕೆ ಈನಕ್‌ನ ಮೈ ಕೆಂಡವಾಯಿತು. ಎದೆಯ ಮೇಲೆ ಕೆಂಪು ಚುಕ್ಕೆಗಳೆದ್ದವು. ಸೆರೆಮನೆ ಜ್ವರ. ಅದನ್ನು ಗುರುತಿಸಲು ವೈದ್ಯನೇ ಬೇಕಿರಲಿಲ್ಲ.

"ಒಡೆಯಾ, ನೀರು ಕೊಡ್ರಯ್ಯಾ! ಸಾಯ್ತಾ ಇದಾನೆ!" ಎಂದು ಕಿರುಚಿದೆ.

"ಸತ್ತ ಮೇಲೆ ಕೂಗು" ಎಂದಿತು ಮೇಲಿನಿಂದ ರಡ್ಜ್‌ನ ದನಿ.

ಈನಕ್ ಶುಕ್ರವಾರ ಬೆಳಿಗ್ಗೆ ಸತ್ತ. ಕಡೆಯ ಗಳಿಗೆಯಲ್ಲಿ ನನ್ನನ್ನೇ ಕುಲುಮೆಯ ಆಳೆಂದುಕೊಂಡು "ತಿದಿ ಒತ್ತೋ, ತಣ್ಣಗಾಗ್ತಿದೆ" ಅನ್ನುತ್ತಿದ್ದ. ನಾನು ಕೂಗಿದೆ. ಯಾರೂ ಬರಲಿಲ್ಲ. ಶನಿವಾರ, ಭಾನುವಾರ ಹೆಣದ ಕಾಲಿಗೆ ನನ್ನ ಕಾಲು ಕಟ್ಟಿಕೊಂಡೇ ಕಳೆದೆ. ಇಲಿಗಳು ಬಂದವು. ಎರಡು ದಿನ ಅವನ ಮುಖದ ಮೇಲಿಂದ ಅವನ್ನು ಕೈಯಿಂದ ಬಡಿದು ಬಡಿದು ಓಡಿಸಿದೆ. ಸುಸ್ತಾಗಿ ಕಣ್ಣು ಮುಚ್ಚಿದಾಗ ಅವು ತಮ್ಮ ಕೆಲಸ ಮಾಡಿಕೊಂಡವು.

ಸೋಮವಾರ ನಾತ ತಡೆಯಲಾಗದೆ ರಡ್ಜ್‌ನೇ ಇಳಿದು ಬಂದ, ಮೂಗಿಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಕಟ್ಟಿಕೊಂಡು. ಅವನ ಕಾವಲಿನವನು ಜ್ವರಕ್ಕೆ ಹೆದರಿ ಅಂಗಳದಲ್ಲೇ ಉಳಿದಿದ್ದ. ರಡ್ಜ್ ಬಗ್ಗಿ ಹೆಣದ ಕಾಲಿನ ಬೇಡಿ ಬಿಚ್ಚಿದ.

ಬಿಚ್ಚಿದ ಸರಪಳಿಯನ್ನು ಅವನ ಕೊರಳಿಗೆ ಸುತ್ತಿ ಎಳೆದೆ. ಅಷ್ಟು ಶಕ್ತಿ ಎಲ್ಲಿತ್ತೋ ಗೊತ್ತಿಲ್ಲ. ಅವನು ಉಗುರಿನಿಂದ ನನ್ನ ಕೆನ್ನೆ ಹರಿದ, ಮೊಣಕೈಯಿಂದ ಪಕ್ಕೆಗೆ ತಿವಿದ. ನಾನು ಬಿಡಲಿಲ್ಲ. ಅವನ ನಾಲಿಗೆ ಹೊರಬಂತು.

ಸರಪಳಿಯನ್ನು ಉಸಿರಾಡುವಷ್ಟು ಸಡಿಲಿಸಿ, "ನನ್ ಕಾಲೂ ಬಿಚ್ಚು" ಅಂದೆ. ಬಿಚ್ಚಿದ.

"ಈಗ ಎತ್ತು ಅವನನ್ನ. ಹಂದಿ ಹೊತ್ತು ಅಭ್ಯಾಸ ಇದೆಯಲ್ಲ, ಎತ್ತು."

ಹೆಣವನ್ನು ಹೆಗಲಿಗೆ ಹಾಕಿಕೊಂಡು ರಡ್ಜ್ ಏಣಿ ಹತ್ತಿದ. ಕೊರಳ ಸರಪಳಿ ಹಿಡಿದು ನಾನು ಹಿಂದೆ. ಅಂಗಳದಲ್ಲಿದ್ದ ಕಾವಲಿನವನು ನಮ್ಮನ್ನು ಕಂಡು ಓಡಿದ. ಹೆಬ್ಬಾಗಿಲು ತೆರೆಸಿ ಬೀದಿಗೆ ಬಂದೆವು. ಸಂತೆಯ ದಿನ; ಕೋಳಿ ಮಾರುವವರು, ಉಣ್ಣೆಯವರು, ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಗಿಲ ಬಳಿ ರೊಟ್ಟಿಯ ಗಂಟು ಹಿಡಿದು ಡೋರ್ಕಸ್ ಇದ್ದಳು.

"ಇಳಿಸು" ಅಂದಳು. "ಮೆತ್ತಗೆ. ಮೆತ್ತಗೆ ಇಳಿಸು."

ರಡ್ಜ್ ಇಳಿಸಿದ. ಅವಳು ಗಂಡನ ಮುಖ ನೋಡಿದಳು, ಉಳಿದಷ್ಟನ್ನು. ಕಾಲಿನ ಮರದ ಜೋಡು ಕಳಚಿ ಕೈಗೆತ್ತಿಕೊಂಡು ರಡ್ಜ್‌ನ ದವಡೆಗೆ ಬಾರಿಸಿದಳು. ಮೂರನೇ ಏಟಿಗೆ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಅಷ್ಟರಲ್ಲಿ ಸಿಪಾಯಿಗಳು ಬಂದು ಬಂದೂಕಿನ ಹಿಂಬದಿಯಿಂದ ನನ್ನ ತಲೆಗೆ ಹೊಡೆದರು. ಆ ಕಿವಿ ಇಂದಿಗೂ ಕಿವುಡು.

ಸಾವಿನ ವಿಚಾರಣೆ ನಡೆಯಿತು. ಡೋರ್ಕಸ್ ಹೆಣದ ಅಂಗಿ ಸರಿಸಿ ಬೆನ್ನು ತೋರಿಸಿದಳು.

"ಜ್ವರದ ಕಲೆಗಳಮ್ಮ ಅವು" ಅಂದ ಅಧಿಕಾರಿ.

"ಜ್ವರಕ್ಕೆ ಬೂಟಿನ ಮೊಳೆ ಇರುತ್ತಾ ಸ್ವಾಮಿ?"

ದೇವರ ಇಚ್ಛೆಯಿಂದ ಬಂದ ಸಾವು ಎಂದು ವಿಚಾರಣೆಗೆ ಕೂತಿದ್ದ ಹನ್ನೆರಡು ಜನ ಪಂಚರು ರುಜು ಹಾಕಿದರು. ಡೋರ್ಕಸ್‌ಗೆ ಸಂತೆಯ ನಡುವೆ ಹನ್ನೆರಡು ಛಡಿಯೇಟು ಬಿತ್ತು. ಆದರೆ ಗಂಡನ ಹೆಣ ಅವಳಿಗೆ ಸಿಕ್ಕಿತು. ತಾನೇ ತೊಳೆದು ತನ್ನ ಊರಿನಲ್ಲಿ ಮಣ್ಣು ಮಾಡಿದಳು. ನನಗೆ ಹದಿನಾಲ್ಕು ವರ್ಷದ ಗಡೀಪಾರು, ಸಾಗರದಾಚೆಯ ಈ ಹೊಗೆಸೊಪ್ಪಿನ ಹೊಲಗಳಿಗೆ.

ದವಡೆ ಕೂಡಿದ ಮೇಲೆ ರಡ್ಜ್ ಮತ್ತೆ ಅದೇ ಕೆಲಸಕ್ಕೆ ಬಂದ. ನಾನು ಹಡಗು ಹತ್ತುವ ಮೊದಲೇ ಅದೇ ಗುಂಡಿಯಲ್ಲಿ ಇನ್ನೂ ನಾಲ್ವರು ಸತ್ತರು. ಕೊಲೆಗಾರನಾಗದೆ ಉಳಿದೆಯಲ್ಲ, ಪುಣ್ಯ ಎಂದು ಇಲ್ಲಿನ ಪಾದ್ರಿ ಹೇಳುತ್ತಾರೆ. ಆ ನಾಲ್ವರ ಹೆಂಡಿರೆದುರು ನಿಂತು ಅದನ್ನೇ ಹೇಳಲು ನನಗೆ ಬಾಯಿ ಬರುವುದಿಲ್ಲ.