ಗಿರಿಜಕ್ಕನ ಅಂಗಳದ ದಾರಿ

ಭವ್ಯಶ್ರೀಗೆ ಸಮುದ್ರವೆಂದರೆ ಹುಚ್ಚು. ಅವಳ ಅಪ್ಪನ ಕಡೆಯವರೆಲ್ಲ ಇಲವಾಲದ ಆಚೆ ಬೇಸಾಯ ಮಾಡಿಕೊಂಡಿದ್ದವರು, ಕೆರೆ ನಾಲೆ ಬಿಟ್ಟು ಬೇರೆ ನೀರು ಕಂಡವರಲ್ಲ. ಇವಳು ಮಾತ್ರ ಕಾಲೇಜಿನಲ್ಲಿದ್ದಾಗ ಗೋಕರ್ಣದ ಬಂಡೆಗಳ ಮೇಲೆ ಒಂದು ದಿನ ಅಲೆದು ಬಂದಳು, ಆಮೇಲೆ ಸುಮ್ಮನೆ ಕೂರಲಿಲ್ಲ. ಬ್ಯಾಂಕಿನ ಕೆಲಸ ಬಿಟ್ಟು, ಮೈಸೂರಿನ ಜನರನ್ನು ಕರಾವಳಿಗೆ ಕರೆದುಕೊಂಡು ಹೋಗುವುದನ್ನೇ ಕಸುಬು ಮಾಡಿಕೊಂಡಳು. ಮರವಂತೆಯಲ್ಲಿ ಸೂರ್ಯಾಸ್ತ, ಹೊನ್ನಾವರದ ಹಿನ್ನೀರಿನಲ್ಲಿ ಬೆಳೆದ ಕಾಂಡ್ಲಾ ಕಾಡಿನ ನಡುವೆ ಕಯಾಕು ದೋಣಿ, ಕಾಪುವಿನ ದೀಪಸ್ತಂಭ. ಮೈಸೂರಿನ ವಿಜಯನಗರ ಬಡಾವಣೆಯ ಅವಳ ಮನೆಯ ಮುಂದಿನಿಂದಲೇ ವ್ಯಾನು ಹೊರಡುತ್ತಿತ್ತು.

ಅವಳ ಜೊತೆಗೆ ಯಾವಾಗಲೂ ವಾಗೀಶ ಇರುತ್ತಿದ್ದ. ಯಾದವಗಿರಿಯ ಹಳೇ ಬಂಗಲೆಯ ಹುಡುಗ, ಕಾಲೇಜಿನ ಗೆಳೆಯ. ಅವನ ತಾತ ಅರಮನೆಯಲ್ಲಿ ಕೆಲಸದಲ್ಲಿದ್ದವರು. ಅವನು ನಗರದಂಚಿನ ಒಂದು ಪಬ್ಬಿನಲ್ಲಿ ಕ್ರಾಫ್ಟ್ ಬಿಯರ್ ತಯಾರಿಸುತ್ತಿದ್ದ. ಅವನ ಅಮ್ಮ ಸುಂದರಮ್ಮ ಮಾತ್ರ ಕೇಳಿದವರಿಗೆಲ್ಲ "ನಮ್ಮ ವಾಗೀಶ ಫುಡ್ ಟೆಕ್ನಾಲಜಿಯಲ್ಲಿದಾನೆ" ಎನ್ನುತ್ತಿದ್ದರು. ಮನೆಗೆ ಹೋದಾಗ ಭವ್ಯಳೂ ಆ ಮಾತಿಗೆ ತಲೆದೂಗುತ್ತಿದ್ದಳು. ಇಬ್ಬರೂ ಮದುವೆಯಾಗುತ್ತಾರೆ ಎಂದು ಗೆಳೆಯರು ಅಂದುಕೊಂಡಿದ್ದರು. ಬಾಯಿಬಿಟ್ಟು ಹೇಳದಿದ್ದರೂ ಭವ್ಯಳೂ ಅಂದುಕೊಂಡಿದ್ದಳು.

ಹೊನ್ನಾವರದ ಆ ಕಡೆ ಒಂದು ಪುಟ್ಟ ಕಡಲತೀರವಿತ್ತು. ಎರಡೂ ಬದಿ ಬಂಡೆ, ನಡುವೆ ಮರಳು. ಅಲ್ಲಿಗೆ ಇಳಿಯಲು ಇದ್ದದ್ದು ಒಂದೇ ದಾರಿ, ಅದೂ ಗಿರಿಜಕ್ಕನ ಅಂಗಳದ ಮೂಲಕ. ಗಿರಿಜಕ್ಕ ಮೀನು ಮಾರುವ ಹೆಂಗಸು. ಚಳಿಗಾಲದಲ್ಲಿ ಕಡಲಾಮೆಗಳು ಅಲ್ಲಿ ಮೊಟ್ಟೆಯಿಡಲು ಬರುತ್ತವೆ. ನಾಯಿಗಳು ಅಗೆಯದಂತೆ ಗಿರಿಜಕ್ಕ ಬಲೆ ಹಾಸಿ ಕಾಯುತ್ತಿದ್ದಳು. ಬೆಳಕು ಬಿದ್ದರೆ ಮರಿಗಳು ದಿಕ್ಕು ತಪ್ಪಿ ಸಮುದ್ರದ ಬದಲು ಊರ ಕಡೆ ಹರಿಯುತ್ತವೆ ಎಂದು ತನ್ನ ಮನೆಯ ಹಿಂಬದಿಗೆ ಬಲ್ಬನ್ನೂ ಹಾಕಿಸಿರಲಿಲ್ಲ.

"ಯಾರನ್ನೂ ಕರ್ಕಂಡು ಬರ್ಬೇಡ ತಂಗಿ. ನೀ ಬಾ, ಬೇಕಾದ್ರೆ ಇಲ್ಲೇ ಉಳಿ," ಎಂದು ಭವ್ಯಳಿಗೆ ಮೊದಲ ಸಲವೇ ಹೇಳಿದ್ದಳು.

ಭವ್ಯ ಆ ಮಾತು ಉಳಿಸಿಕೊಂಡಳು. ತನ್ನ ಪ್ರವಾಸದ ಜನರಿಗೆ ಆ ತೀರದ ಹೆಸರೂ ಹೇಳಲಿಲ್ಲ. ಒಬ್ಬನನ್ನು ಮಾತ್ರ ಕರೆದುಕೊಂಡು ಹೋದಳು. ವಾಗೀಶ ಬೇರೆಯವನು ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಅವತ್ತು ಗಿರಿಜಕ್ಕ ಇಬ್ಬರಿಗೂ ಮುರುಗಲು ಹಣ್ಣಿನ ಪಾನಕ ಕೊಟ್ಟಳು. ಕಡುಗೆಂಪು, ಹುಳಿ, ಕೊನೆಯಲ್ಲಿ ಚೂರು ಉಪ್ಪು. ವಾಗೀಶ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. "ಭವ್ಯಾ, ಇದನ್ನ ಬಿಯರ್‌ಗೆ ಹಾಕಿದ್ರೆ?" ಎಂದ. ಅವನ ಮುಖ ಚಿಕ್ಕ ಮಕ್ಕಳ ಮುಖದಂತೆ ಅರಳಿತ್ತು. ಮರಳಿನ ಮೇಲೆ ಕೂತು ಸಂಜೆಯವರೆಗೂ ಅದನ್ನೇ ಮಾತಾಡಿದರು. ಅಷ್ಟು ಸುಖದ ದಿನ ತನ್ನ ಬದುಕಿನಲ್ಲಿ ಇನ್ನೊಂದಿಲ್ಲ ಎಂದು ಭವ್ಯಳಿಗೆ ಅನ್ನಿಸಿತ್ತು.

ದಸರೆ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಪಬ್ಬಿನಲ್ಲಿ ಮುರುಗಲು ಬಿಯರ್ ಬಿಡುಗಡೆಯಾಯಿತು. ಭವ್ಯ ಹೊಸ ಕುರ್ತಾ ಹಾಕಿಕೊಂಡು ಹೋದಳು. ಜನ ಕಿಕ್ಕಿರಿದಿದ್ದರು. ಬಿಯರ್ ನಿಜಕ್ಕೂ ಚೆನ್ನಾಗಿತ್ತು. ಮೊದಲ ಗುಟುಕಿಗೇ ಗಿರಿಜಕ್ಕನ ಜಗಲಿ ಕಣ್ಣಮುಂದೆ ಬಂತು.

ಆಮೇಲೆ ವಾಗೀಶ ಮೈಕು ಹಿಡಿದ. ಗೋಡೆಗೆ ಹಾಕಿದ್ದ ಪರದೆ ಸರಿಯಿತು. ಹಿಂದೆ ದೊಡ್ಡ ಚಿತ್ರ: ಎರಡು ಬಂಡೆ, ನಡುವೆ ಮರಳು. ಅವಳೇ ತೆಗೆದು ಅವನಿಗೊಬ್ಬನಿಗೇ ಕಳಿಸಿದ್ದ ಚಿತ್ರ.

"ಡಿಸೆಂಬರ್‌ನಿಂದ ಈ ಬಿಯರನ್ನ ಈ ಬೀಚ್‌ನಲ್ಲೇ ಕೂತು ಕುಡೀಬಹುದು. ಅಲ್ಲಿನ ರೆಸಾರ್ಟ್‌ನವರ ಜೊತೆ ಮಾತಾಗಿದೆ. ಟೆಂಟು, ಮ್ಯೂಸಿಕ್, ದೀಪಾಲಂಕಾರ, ಎಲ್ಲಾ ಇರತ್ತೆ!"

ಚಪ್ಪಾಳೆ ಬಿತ್ತು. ಭವ್ಯ ಜನ ಚದುರುವವರೆಗೂ ಕಾದು, ಟ್ಯಾಂಕುಗಳಿದ್ದ ಕೋಣೆಗೆ ಅವನನ್ನು ಕರೆದಳು.

"ಏನೋ ಮಾಡ್ಬುಟ್ಟೆ ನೀನು? ಆಮೆ ಬರೋ ಜಾಗ ಕಣೋ ಅದು. ಗೊತ್ತಿತ್ತಲ್ಲ ನಿಂಗೆ?"

"ಒಂದು ಮೂಲೆ ಬಿಟ್ಟಿರ್ತೀವಿ ಕಣೇ. ರೆಸಾರ್ಟ್‌ನವರು ಒಪ್ಪಿದಾರೆ."

"ನಂಗೆ ಒಂದು ಮಾತು ಹೇಳ್ಬೋದಿತ್ತು."

"ಹೇಳಿದ್ರೆ ಬೇಡ ಅಂತಿದ್ದೆ," ಎಂದ ವಾಗೀಶ ಸಲೀಸಾಗಿ. "ಬೀಚ್ ಏನು ನಿಂದಾ ಭವ್ಯಾ? ನಾನು ಎಷ್ಟು ದಿನಾಂತ ಇನ್ನೊಬ್ರ ಪಬ್ಬಲ್ಲಿ ದುಡೀಲಿ?"

"ಗಿರಿಜಕ್ಕ ದಾರಿ ಬಿಡಲ್ಲ."

ಅವನು ಟ್ಯಾಂಕಿನ ನಲ್ಲಿ ಒರೆಸುತ್ತಾ, "ಬಿಟ್ಟಿದಾರೆ. ರೆಸಾರ್ಟ್‌ನವರನ್ನ ಕರ್ಕೊಂಡು ಹೋಗಿ, ನೀನು ಕಳಿಸಿದ್ದು ಅಂತ ಹೇಳಿದೆ," ಎಂದ.

ಭವ್ಯ ಮನೆಗೆ ಹೋಗಿ ಬ್ಯಾಗು ತುಂಬಿಕೊಂಡು ಮುರುಡೇಶ್ವರದ ರೈಲು ಹತ್ತಿದಳು, ಅಲ್ಲಿಂದ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಒಂದೇ. ಅವನು ಕೇಳದೆ ಚಿತ್ರ ಬಳಸಿದ್ದನ್ನೋ, ಯೋಜನೆ ಮುಚ್ಚಿಟ್ಟದ್ದನ್ನೋ ಹೇಗೋ ನುಂಗಿಕೊಳ್ಳಬಹುದಿತ್ತು. ತನ್ನ ಹೆಸರನ್ನೇ ಬೀಗದ ಕೈ ಮಾಡಿಕೊಂಡು ಆ ಮನೆಯೊಳಗೆ ಹೋಗಿದ್ದನಲ್ಲ, ಅದನ್ನು ಮಾತ್ರ ನುಂಗಿಕೊಳ್ಳಲಾಗಲಿಲ್ಲ.

ಅಂಗಳಕ್ಕೆ ಮುಳ್ಳಿನ ಬೇಲಿ ಬಿದ್ದಿತ್ತು. ಒಳಗೆ ಗಿರಿಜಕ್ಕ ಮೀನು ಒಣಹಾಕುತ್ತಿದ್ದಳು. ಭವ್ಯಳನ್ನು ಕಂಡು ಎದ್ದು ಬಂದಳು, ಆದರೆ ಬೇಲಿ ಸರಿಸಲಿಲ್ಲ.

"ನಾನು ಕಳಿಸಿದ್ದಲ್ಲ ಗಿರಿಜಕ್ಕಾ," ಎಂದಳು ಭವ್ಯ. ಹೇಳುವಾಗಲೇ ಅಳು ಬಂತು.

"ಅನ್ನ ಹಾಕ್ದೆ ಅವ್ರಿಗೆ," ಎಂದಳು ಗಿರಿಜಕ್ಕ. "ನಿನ್ನ ಜನ ಅಂತ ಮೊಟ್ಟೆ ಇಡೋ ಜಾಗ ಎಲ್ಲ ತೋರ್ಸ್ದೆ. ಮರುವಾರ ಬಂದು ಅಲ್ಲೇ ಕಂಬ ಹುಗಿದ್ರು. ಮೊನ್ನೆ ಅರಣ್ಯದವ್ರನ್ನ ಕರೆಸಿ ಕೀಳಿಸ್ಬೇಕಾಯ್ತು."

"ನಂಬ್ತೀರಾ ನನ್ನ?"

"ನಂಬ್ತೆ. ಆದ್ರೂ ಅವನನ್ನ ಕರ್ಕಂಡು ಬಂದಿದ್ದು ನೀನೇ ಅಲ್ದಾ?"

ಗಿರಿಜಕ್ಕ ಬೇಲಿಯ ಮೇಲಿನಿಂದಲೇ ಒಂದು ಚೊಂಬು ನೀರು ಕೊಟ್ಟಳು. ಭವ್ಯ ಕುಡಿಯುವವರೆಗೆ ನಿಂತಿದ್ದು, ಚೊಂಬು ಇಸಿದುಕೊಂಡು ಮೀನಿನ ಕಡೆಗೆ ಹೋದಳು.

ಅರಣ್ಯ ಇಲಾಖೆಯವರ ತಕರಾರಿಗೆ ಹೆದರಿ ರೆಸಾರ್ಟಿನವರು ಟೆಂಟುಗಳನ್ನು ಬೇರೆ ತೀರಕ್ಕೆ ಒಯ್ದರು. ವಾಗೀಶನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಮುರುಗಲು ಬಿಯರ್ ಹೆಸರು ಮಾಡಿತು, ಬೆಂಗಳೂರಿನಿಂದಲೂ ಜನ ಬಂದು ಕುಡಿದು ಹೊಗಳಿದರು. ಅವನು ಹಲವು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ವ್ಯಾನು ಈಗಲೂ ಕರಾವಳಿಗೆ ಹೋಗುತ್ತದೆ, ಆದರೆ ಹೊನ್ನಾವರ ಮುಟ್ಟುವುದಿಲ್ಲ.

ಒಂದು ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುತ್ತಿದ್ದ ಸುಂದರಮ್ಮ ಎದುರಾದರು. ಭವ್ಯಳ ಕೈ ಹಿಡಿದುಕೊಂಡು, "ಯಾಕಮ್ಮಾ, ಮನೆ ಕಡೆ ಬರೋದೇ ಬಿಟ್ಟೆ? ವಾಗೀಶನ್ನ ಕೇಳಿದ್ರೆ ಗೊತ್ತಿಲ್ಲ ಅಂತಾನೆ. ಏನಾದ್ರೂ ಅಂದನಾ?" ಎಂದರು.

ಆ ಮುಖ ನೋಡಿ ಭವ್ಯಳಿಗೆ ನಿಜ ಹೇಳಲಾಗಲಿಲ್ಲ.

"ಏನಿಲ್ಲ ಅಮ್ಮಾ, ಕೆಲಸ ಜಾಸ್ತಿ," ಎಂದಳು.

ಸುಂದರಮ್ಮ ಒಂದು ಮೊಳ ಮಲ್ಲಿಗೆ ಅಳೆಸಿಕೊಂಡು ಅವಳ ಮುಡಿಗೆ ತಾವೇ ಮುಡಿಸಿದರು.