ಇಳಿಜಾರಿನಲ್ಲಿ ತೆಗೆದ ಗೇರ್

ಇಳಕಲ್ಲಿನಲ್ಲಿ ಗ್ರಾನೈಟ್ ಹಲಗೆಗಳನ್ನು ಪಿಕಪ್‌ಗೆ ಹೇರುವುದೇ ತಡವಾಯಿತು. ಬಾದಾಮಿಯ ಹೊಸ ಮನೆಯೊಂದಕ್ಕೆ ಆ ಕಲ್ಲು ಮುಟ್ಟಿಸಬೇಕಿತ್ತು. ಅದೇ ಊರಿನಲ್ಲಿ ಮಗಳು ಜಯಶ್ರೀಯ ಕಬಡ್ಡಿ ಫೈನಲ್ ಇದ್ದುದರಿಂದ ಅಮಸಿದ್ದಪ್ಪ ಹೆಂಡತಿ ನಾಗರತ್ನಾಳನ್ನೂ ಗಾಡಿಯಲ್ಲಿ ಕೂರಿಸಿಕೊಂಡಿದ್ದ. ಮಗಳ ಆಟವನ್ನು ಇಬ್ಬರೂ ಒಮ್ಮೆಯೂ ನೋಡಿರಲಿಲ್ಲ.

ಹುನಗುಂದ ದಾಟುವಾಗ ಫೋನ್ ಬಂತು.

“ಅವ್ವಾ, ಎಲ್ಲಿದ್ದೀರಿ? ಇನ್ನೊಂದ್ ತಾಸಿಗೆ ನಮ್ಮ ಮ್ಯಾಚ್.”

“ಬಂದ್ವಿ, ಬಂದ್ವಿ,” ಎಂದ ನಾಗರತ್ನಾ ಗಂಡನ ಕಡೆ ತಿರುಗಿದಳು. “ಸ್ವಲ್ಪ ಜೋರ್ ಹೊಡೀರಿ.”

“ಗಾಡಿಗೆ ಸ್ಪೀಡ್ ಗವರ್ನರ್ ಐತಿ. ಎಷ್ಟ್ ಒತ್ತಿದ್ರೂ ಎಂಬತ್ತರ ಮ್ಯಾಲೆ ಏರಾಂಗಿಲ್ಲ.”

ಅಮೀನಗಡದ ಕರದಂಟಿನ ಅಂಗಡಿಗಳು ಹಿಂದಾದವು. ಸ್ವಲ್ಪ ದೂರದಲ್ಲೇ ಉದ್ದನೆಯ ಇಳಿಜಾರು ಸಿಕ್ಕಿತು. ಅಮಸಿದ್ದಪ್ಪ ಹೆಂಡತಿಯ ಮುಖ ನೋಡಿದ. ಕ್ಲಚ್ ತುಳಿದು ಗೇರ್ ತೆಗೆದುಬಿಟ್ಟ. ಗವರ್ನರ್ ತಡೆಯುವುದು ಎಂಜಿನ್ನಿನ ಡೀಸೆಲ್ಲನ್ನು. ಇಳಿಜಾರಿನಲ್ಲಿ ಉರುಳುವ ಗಾಲಿಯನ್ನಲ್ಲ. ಕಲ್ಲಿನ ಭಾರವೇ ಗಾಡಿಯನ್ನು ನೂಕತೊಡಗಿತು. ವೇಗದ ಮುಳ್ಳು ತೊಂಬತ್ತು ದಾಟಿತು, ನೂರು ದಾಟಿತು. ಸ್ಟೇರಿಂಗ್ ಅವನ ಅಂಗೈಯಲ್ಲಿ ನಡುಗಿತು.

“ಸಾಕ್ರಿ, ಇಷ್ಟ್ ಬ್ಯಾಡ,” ಎಂದಳು ನಾಗರತ್ನಾ.

ಅಷ್ಟರಲ್ಲಿ ತಿರುವು ಬಂತು. ತಿರುವಿನಾಚೆ ಬಸ್ಸು ನಿಂತಿತ್ತು. ಅದರಿಂದ ಇಳಿದ ಹೆಂಗಸರು ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದರು.

ಅಮಸಿದ್ದಪ್ಪ ಬ್ರೇಕ್ ತುಳಿದ. ಹಿಂದೆ ಹಲಗೆಗಳು ಗರ್ರನೆ ಸರಿದು ಕ್ಯಾಬಿನ್ನಿಗೆ ಗುದ್ದಿದವು. ನಾಗರತ್ನಾ ಚೀರಿದಳು. ಇನ್ನೂ ಜೋರಾಗಿ ತುಳಿದರೆ ಕಲ್ಲು ಒಳಗೇ ನುಗ್ಗುತ್ತದೆ, ತುಳಿಯದಿದ್ದರೆ ಎದುರಿಗೆ ಜನ.

“ಬಗ್ಗು!” ಎಂದು ಅವಳ ತಲೆ ಅದುಮಿ, ಗೇರ್ ಹಾಕಲು ನೋಡಿದ. ಅದು ಕರಕರ ಎಂದು ಸದ್ದು ಮಾಡಿತೇ ಹೊರತು ಕೂರಲಿಲ್ಲ. ಮತ್ತೊಮ್ಮೆ ಒತ್ತಿದಾಗ ಕೂತಿತು. ಎಂಜಿನ್ ಅರಚಿತು, ವೇಗ ಕುಸಿಯಿತು. ಹಾರ್ನ್ ಹೊಡೆಯುತ್ತಲೇ ಬಸ್ಸು ಮುಟ್ಟುವ ಮೊದಲೇ ಎಡಕ್ಕೆ ತಿರುಗಿಸಿ ಖಾಲಿ ಹೊಲಕ್ಕೆ ಇಳಿಸಿದ. ಎರೆಮಣ್ಣಿನಲ್ಲಿ ಗಾಲಿ ಹೂತು ಗಾಡಿ ನಿಂತಿತು.

ನಾಗರತ್ನಾ ಹಿಂದಿರುಗಿ ನೋಡಿದಳು. ಅವಳ ತಲೆಯಿದ್ದ ಜಾಗದಲ್ಲೇ ಕ್ಯಾಬಿನ್ನಿನ ತಗಡು ಒಳಕ್ಕೆ ಉಬ್ಬಿತ್ತು.

“ನಾನ ಜೋರ್ ಹೊಡೀರಿ ಅಂದೆ,” ಎಂದಳು.

“ಗೇರ್ ತಗದಾಂವ ನಾನು,” ಎಂದ ಅಮಸಿದ್ದಪ್ಪ. ಕೆಳಗಿಳಿದು ಹಿಂದೆ ಹೋಗಿ ನೋಡಿದ; ಹಗ್ಗ ಹರಿದು ಕೆಲವು ಹಲಗೆಗಳು ಒಡೆದಿದ್ದವು.

ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಎಳೆದರು. ಒಡೆದ ಹಲಗೆಗಳನ್ನು ಅಲ್ಲೇ ಇಳಿಸಿ, ಉಳಿದವಕ್ಕೆ ಹೊಸದಾಗಿ ಹಗ್ಗ ಬಿಗಿದು, ನಿಧಾನವಾಗಿ ಬಾದಾಮಿ ಮುಟ್ಟಿದಾಗ ಮೈದಾನ ಖಾಲಿಯಾಗಿತ್ತು. ಜಯಶ್ರೀ ಗೇಟಿನ ಬಳಿ ಒಬ್ಬಳೇ ಕೂತಿದ್ದಳು.

“ಗೆದ್ವಿ,” ಎಂದಳು, ಮುಖ ಊದಿಸಿಕೊಂಡೇ. “ಈಗ್ ಬರ್ತೀರೇನು?”

ಅಮಸಿದ್ದಪ್ಪ ಏನನ್ನೂ ಮುಚ್ಚಿಡದೆ ನಡೆದದ್ದು ಹೇಳಿದ. ಜಯಶ್ರೀ ಎದ್ದು ಹೋಗಿ ಆ ತಗಡನ್ನು ಮುಟ್ಟಿ ನೋಡಿದಳು. ಅವಳ ಸಿಟ್ಟೆಲ್ಲ ಅಳುವಾಯಿತು.

“ಎಲ್ಲಿದ್ದೀರಿ ಅಂತ ಕೇಳಿದ್ದೆ ಅಪ್ಪಾ. ಹಾರಿ ಬರ್ರಿ ಅಂದಿದ್ನೇನು?”

ನಾಗರತ್ನಾ ಮಗಳನ್ನು ತಬ್ಬಿಕೊಂಡಳು. ಮೈಯೆಲ್ಲ ಮೈದಾನದ ಕೆಂಪು ಮಣ್ಣು. “ಹೆಂಗ್ ಗೆದ್ರಿ, ಮೊದ್ಲಿಂದ ಹೇಳು,” ಎಂದಳು. ಮೂವರೂ ಗೇಟಿನ ಕಟ್ಟೆಯ ಮೇಲೆ ಕೂತರು. ಜಯಶ್ರೀ ಕಣ್ಣೊರೆಸಿಕೊಂಡು ಹೇಳತೊಡಗಿದಳು.